ಡಬಲ್ ಕೋಟ್ ಮನೆಯಲ್ಲಿ ಒಣಗದೆ ಉಳಿದ ಪುಟ

ನನ್ನ ಬಣ್ಣದ ಅಂಗಡಿಗೆ ಬರುವ ಪೇಂಟರುಗಳಲ್ಲಿ ಎರಡು ಬಗೆ. ಡಬ್ಬ ತೆಗೆದುಕೊಂಡು ಹೋಗುವವರು ಒಂದು ಬಗೆ. ಡಬ್ಬದ ಜೊತೆ ನನ್ನ ಅರ್ಧ ದಿನವನ್ನೂ ತೆಗೆದುಕೊಂಡು ಹೋಗುವವರು ಇನ್ನೊಂದು ಬಗೆ. ಈ ಎರಡನೆಯ ಬಗೆಯಲ್ಲಿ ಇರುವವನು ಒಬ್ಬನೇ. ಅವನನ್ನು ಬೀದಿಯವರೆಲ್ಲ ಡಬಲ್ ಕೋಟ್ ಎಂದು ಕರೆಯುತ್ತಾರೆ. ಎದುರಿಗೂ ಹಾಗೇ ಕರೆಯುತ್ತಾರೆ. ಅವನು ಅದನ್ನು ಬಿರುದು ಎಂದುಕೊಂಡಿದ್ದಾನೆ.

ಹೆಸರು ಬಂದದ್ದು ಹೀಗೆ. ಯಾರಾದರೂ ಮನೆಯವರು, "ಮಲಗೋ ಕೋಣೆಗೆ ಒಂದೇ ಕೋಟ್ ಸಾಕು ಬಿಡಪ್ಪ, ಯಾರು ನೋಡ್ತಾರೆ" ಅಂದರೆ ಸಾಕು, ಅವನು ಏಣಿಯಿಂದ ಇಳಿದು ಏಣಿಯನ್ನು ಮಡಚಿಬಿಡುತ್ತಾನೆ. "ಒಂದು ಕೋಟ್ ಹೊಡೆಯೋಕೆ ನೀವೇ ಸಾಕು, ನಾನ್ಯಾಕೆ ಬರ್ಬೇಕಿತ್ತು" ಎನ್ನುತ್ತಾನೆ. ಮನೆಯವರು ಕೈ ಹಿಡಿದು ವಾಪಸ್ ಕರೆತರಬೇಕು. ಗೋಡೆ ಕೆರೆಯಬೇಕು, ಪುಟ್ಟಿ ಹಾಕಬೇಕು, ಪ್ರೈಮರ್ ಹೊಡೆಯಬೇಕು, ಮೊದಲ ಕೋಟ್, ಆಮೇಲೆ ಎರಡನೆಯದು. ಹಿಂದಿನದು ಒಣಗುವ ತನಕ ಮುಂದಿನದಕ್ಕೆ ಕೈ ಹಾಕುವುದಿಲ್ಲ. ಒಣಗಿದೆಯೋ ಇಲ್ಲವೋ ಎಂದು ನೋಡಲು ಅಂಗೈಯನ್ನಲ್ಲ, ಕೈಯ ಹಿಂಬದಿಯನ್ನು ಗೋಡೆಗೆ ಒತ್ತುತ್ತಾನೆ. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವಂತೆ. "ಇನ್ನೂ ಒದ್ದೆ" ಅಂದನೋ, ಆ ದಿನದ ಕೆಲಸ ಮುಗಿಯಿತು. ಮಂಚ, ಬೀರು ಎಲ್ಲ ಕೋಣೆಯ ನಡುವೆ ಬಟ್ಟೆ ಹೊದ್ದುಕೊಂಡು ನಿಂತಿರುತ್ತವೆ, ಮನೆಯವರು ಅಡುಗೆಮನೆಯಲ್ಲಿ ಮಲಗಿರುತ್ತಾರೆ, ಇವನು ಮಾತ್ರ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು ಗೋಡೆ ಒಣಗುವುದನ್ನು ಕಾಯುತ್ತಾನೆ. ಅವನ ಈ ಸಿದ್ಧಾಂತದಿಂದ ನನ್ನ ವ್ಯಾಪಾರಕ್ಕೆ ಕೆಟ್ಟದ್ದೇನೂ ಆಗುವುದಿಲ್ಲ, ಬಣ್ಣ ಎರಡರಷ್ಟು ಖರ್ಚಾಗುತ್ತದೆ. ಆದ್ದರಿಂದ ನಾನು ಅದನ್ನು ಬಹಳ ಗೌರವಿಸುತ್ತೇನೆ.

ಅವನ ಮನೆ ಸೈಕಲ್ ರಿಪೇರಿ ಅಂಗಡಿಯ ಮೇಲೆ. ಹೊರಗಿನಿಂದ ಸಿಮೆಂಟಿನ ಮೆಟ್ಟಿಲು ಹತ್ತಿ ಹೋಗಬೇಕು. ಮೇಲೆ ಎರಡು ಕೋಣೆ. ಹೆಂಡತಿ ಬೇಕರಿಯಲ್ಲಿ ಬ್ರೆಡ್ಡು ಪ್ಯಾಕ್ ಮಾಡುವ ಕೆಲಸದವಳು, ಬೆಳಕು ಹರಿಯುವ ಮೊದಲೇ ಮನೆ ಬಿಡುತ್ತಾಳೆ, ಸಂಜೆ ಹೊತ್ತಿಗೆ ಕೂತಲ್ಲೇ ತೂಕಡಿಸುತ್ತಾಳೆ. ಹೆಂಡತಿಯ ತಾಯಿಯೂ ಜೊತೆಗಿದ್ದಾರೆ. ಮಕ್ಕಳು ಇಬ್ಬರು. ದೊಡ್ಡವಳು ಆರನೇ ಕ್ಲಾಸು, ಅಪ್ಪ ಅವಳನ್ನು ವಕೀಲಮ್ಮ ಎನ್ನುತ್ತಾನೆ. ಅವಳು ಹುಟ್ಟಿದಾಗಿನಿಂದ ಯಾವುದನ್ನೂ ಸುಮ್ಮನೆ ಒಪ್ಪಿಕೊಂಡವಳಲ್ಲ ಎಂದು ಅವನ ದೂರು. ದೂರುವಾಗ ಅವನ ಮುಖ ಅರಳಿರುತ್ತದೆ. ಚಿಕ್ಕವನು ಇನ್ನೂ ಅಕ್ಷರ ಕೂಡಿಸಿ ಓದುವವನು. ಗೋಡೆಗಳ ಮೇಲೆಲ್ಲ ಡಬಲ್ ಕೋಟ್ ಬೇರೆಯವರ ಮನೆಗಾಗಿ ಹಚ್ಚಿ ನೋಡಿದ ಬಣ್ಣಗಳ ಚೌಕಗಳಿವೆ. ನನ್ನ ಅಂಗಡಿಯ ಶೇಡ್ ಕಾರ್ಡಿನಲ್ಲಿ ಇಲ್ಲದ ಬಣ್ಣವೂ ಅಲ್ಲಿ ಸಿಗುತ್ತದೆ.

ನಾವೆಲ್ಲ ಒಂದೇ ಪ್ರಾರ್ಥನಾ ಮಂದಿರಕ್ಕೆ ಹೋಗುವವರು. ಅಲ್ಲಿ ಒಂದು ಪದ್ಧತಿ ಇದೆ. ಪಾಠದ ಮೇಷ್ಟ್ರು ಎಂದು ಒಬ್ಬರಿದ್ದಾರೆ. ಶಾಲೆಯಿಂದ ನಿವೃತ್ತರಾದರೂ ಪಾಠದಿಂದ ಆಗದವರು. ಧರ್ಮಗ್ರಂಥದಲ್ಲಿ ಈ ವಾರ ಇಷ್ಟು ಭಾಗ ಎಂದು ಅವರು ಹೇಳುತ್ತಾರೆ. ಅಷ್ಟನ್ನು ಪ್ರತಿ ಮನೆಯಲ್ಲೂ ಮಕ್ಕಳ ಸಮೇತ ಕೂತು ಓದಬೇಕು. ರಜೆಯ ದಿನ ಸಭೆ ಸೇರಿದಾಗ, ಸರದಿ ಬಂದ ಮನೆಯವರು ಎದ್ದು ನಿಂತು ಏನು ತಿಳಿದುಕೊಂಡೆವು ಅಂತ ನಾಲ್ಕು ಮಾತು ಹೇಳಬೇಕು. ನಮ್ಮ ಮನೆಯಲ್ಲಿ ಈ ಓದು ಮಂದಿರಕ್ಕೆ ಹೊರಟು ಚಪ್ಪಲಿ ಹಾಕಿಕೊಳ್ಳುವಾಗ ನಡೆಯುತ್ತದೆ. "ಏನಂತೆ ಈ ಸಲ" ಎಂದು ನಾನು ಕೇಳುತ್ತೇನೆ, "ಒಬ್ಬ ರಾಜ ಇದ್ದನಂತೆ" ಎಂದು ಹೆಂಡತಿ ಹೇಳುತ್ತಾಳೆ, ಬಾಗಿಲಿಗೆ ಬೀಗ ಬೀಳುತ್ತದೆ.

ಡಬಲ್ ಕೋಟ್ ಮನೆಯಲ್ಲಿ ಹಾಗಲ್ಲ. ಅವನು ಪುಸ್ತಕವನ್ನೂ ಗೋಡೆ ಎಂದೇ ತಿಳಿದಿದ್ದಾನೆ. ವಾರದ ಮೊದಲ ಸಂಜೆ ಕೆರೆಯುವುದು: ಮಗಳು ಗಟ್ಟಿಯಾಗಿ ಓದಬೇಕು, ಅರ್ಥವಾಗದ ಪದಗಳನ್ನೆಲ್ಲ ಕೆದಕಿ ಹೊರಗೆ ಹಾಕಬೇಕು. ಮರುದಿನ ಪುಟ್ಟಿ: ಆ ಪದಗಳಿಗೆ ಅರ್ಥ ತುಂಬಬೇಕು. ಆಮೇಲೆ ಮೊದಲ ಕೋಟ್: ಚಿಕ್ಕವನು ಕಥೆಯನ್ನು ತನ್ನ ಮಾತಿನಲ್ಲಿ ಹೇಳಬೇಕು. ಎರಡನೇ ಕೋಟ್: ಇದರಿಂದ ನಾವೇನು ಮಾಡಬೇಕು ಎಂದು ದೊಡ್ಡವರು ಹೇಳಬೇಕು. ಎಲ್ಲ ಆದ ಮೇಲೆ ಅವನು ಪುಸ್ತಕದ ಮೇಲೆ ಕೈಯ ಹಿಂಬದಿ ಇಟ್ಟು, "ಒಣಗಿತಾ?" ಎಂದು ಒಬ್ಬೊಬ್ಬರನ್ನಾಗಿ ಕೇಳುತ್ತಾನೆ. ಎಲ್ಲರೂ "ಒಣಗಿತು" ಅಂದರೆ ಮಾತ್ರ ಪುಟ ತಿರುಗಿಸುವುದು. ಒಂದು ಸಂಜೆ ಗಿರಾಕಿಯೊಬ್ಬರಿಗೆ ಬೇಕಾದ ಬಣ್ಣವನ್ನು ಅವನ ಗೋಡೆಯ ಚೌಕಗಳಲ್ಲಿ ನೋಡಿಕೊಂಡು ಬರಲು ಹೋದಾಗ ಇದನ್ನೆಲ್ಲ ಕಣ್ಣಾರೆ ಕಂಡೆ. ಅತ್ತೆಯವರು ಹೊಲಿಗೆ ಹಾಕುತ್ತಿದ್ದವರು ತಲೆ ಎತ್ತದೆ "ಒಣಗಿತಪ್ಪ" ಅಂದರು. ಹೆಂಡತಿ ಅರೆನಿದ್ದೆಯಲ್ಲಿ "ಹೂಂ, ಒಣಗಿದೆ, ಮಡಚಿಡಿ" ಅಂದಳು. ಅವಳು ಬಟ್ಟೆಯ ವಿಷಯ ಹೇಳಿದ್ದೋ ಶಾಸ್ತ್ರದ ವಿಷಯವೋ ಎಂದು ನನಗೆ ಗೊತ್ತಾಗಲಿಲ್ಲ. ಅವನು ಅದನ್ನೂ ಲೆಕ್ಕಕ್ಕೆ ಹಿಡಿದ.

ನಗುವಂಥದ್ದೇ, ಆದರೆ ಒಂದು ಮಾತು ಹೇಳಬೇಕು. ಆ ಮನೆಯಲ್ಲಿ ಒಬ್ಬರು ಏಳುವಾಗ ಇನ್ನೊಬ್ಬರು ಮಲಗುತ್ತಾರೆ, ಒಬ್ಬರು ಉಣ್ಣುವಾಗ ಇನ್ನೊಬ್ಬರು ಕೆಲಸದಲ್ಲಿರುತ್ತಾರೆ. ಐದೂ ಜನ ಒಂದೇ ಚಾಪೆಯ ಮೇಲೆ ಇರುವುದು ಆ ಪುಸ್ತಕ ತೆರೆದಾಗ ಮಾತ್ರ. ಇದು ಅವನಿಗೆ ಗೊತ್ತಿತ್ತು. "ಯಜಮಾನ್ರೇ, ನಾಲ್ಕು ಕಡೆ ಏಣಿ ಹಾಕಿ ಬಂದವನಿಗೆ ಆ ಹೊತ್ತೇ ಮನೆ" ಎಂದು ಒಂದು ಸಲ ಅಂದಿದ್ದ. ಅಂದ ತಕ್ಷಣ ನಾಚಿಕೊಂಡು ಬ್ರಶ್ಶಿನ ಕೂದಲು ಎಳೆದು ನೋಡತೊಡಗಿದ.

ಹೀಗಿರುವಾಗ ಕಾವಲುಗಾರನ ಭಾಗ ಬಂತು.

ಅದರಲ್ಲಿರುವುದು ಇಷ್ಟೇ. ಒಂದು ಊರಿಗೆ ಶತ್ರುಗಳ ಭಯ. ಊರಿನ ಕೋಟೆಬಾಗಿಲ ಕಾವಲುಗಾರನಿಗೆ ದೇವರ ಅಪ್ಪಣೆಯಾಗುತ್ತದೆ: ಬೆಳಗಾಗುವ ತನಕ ಯಾರು ಬಂದು ಕರೆದರೂ ಬಾಗಿಲು ತೆಗೆಯಬೇಡ. ಕತ್ತಲಾದ ಮೇಲೆ ಮಗು ಎತ್ತಿಕೊಂಡ ಒಬ್ಬ ಹೆಂಗಸು ಬಂದು, ನಾನು ಈ ಊರಿನವಳೇ, ಬಾಗಿಲು ತೆಗಿ ಎಂದು ಕರೆಯುತ್ತಾಳೆ. ಅವನು ತೆಗೆಯುವುದಿಲ್ಲ. ಬೆಳಗಾಗುತ್ತದೆ, ಶತ್ರುಗಳು ಹೊರಟುಹೋಗಿರುತ್ತಾರೆ, ಊರು ಉಳಿಯುತ್ತದೆ. ಕಾವಲುಗಾರನಿಗೆ ರಾಜನಿಂದ ಶಾಲು, ಉಂಗುರ. ಮುಂದಿನ ಸಾಲಿನಲ್ಲಿ ರಾಜ ಕೆರೆ ಕಟ್ಟಿಸಲು ಹೊರಡುತ್ತಾನೆ. ಭಾಗ ಮುಗಿಯಿತು.

ಕೆರೆದದ್ದಾಯಿತು, ಪುಟ್ಟಿ ಆಯಿತು, ಎರಡೂ ಕೋಟ್ ಆಯಿತು. ವಾರದ ಕೊನೆಗೆ ಅವನು ಪುಸ್ತಕದ ಮೇಲೆ ಕೈ ಇಟ್ಟು ಕೇಳಿದ್ದಾನೆ, ಮಗಳು "ಒಣಗಿಲ್ಲ" ಅಂದಿದ್ದಾಳೆ.

"ಯಾಕಮ್ಮ ವಕೀಲಮ್ಮ, ಎಲ್ಲಿ ಒದ್ದೆ?"

"ಆ ಹೆಂಗಸು ಏನಾದ್ಳು?"

ಮರುದಿನ ಅಂಗಡಿಯಲ್ಲಿ ಸ್ಟೂಲ್ ಎಳೆದುಕೊಂಡು ಕೂತು ಅವನು ಇದನ್ನು ಹೇಳಿದ. ಹೇಳಿ, ನನ್ನ ಮುಖವನ್ನೇ ನೋಡುತ್ತಾ ಕೂತ. ಗೋಡೆಯ ಬಗ್ಗೆ ಇಷ್ಟು ಗೊತ್ತಿರುವ ಮನುಷ್ಯ ಹೀಗೆ ಕಣ್ಣು ಕಣ್ಣು ಬಿಡುವುದನ್ನು ನಾನು ನೋಡಿರಲಿಲ್ಲ.

"ಅದರಲ್ಲೇನಿದೆಯೋ" ಎಂದೆ ನಾನು, ಥಿನ್ನರ್ ಸುರಿಯುತ್ತಾ. "ಅವಳು ಹೆಂಗಸೇ ಅಲ್ಲ. ಶತ್ರುಗಳು ಕಳಿಸಿದ ವೇಷ. ಬಾಗಿಲು ತೆಗೆದಿದ್ರೆ ಹಿಂದೆ ಇಡೀ ಸೈನ್ಯ ನುಗ್ತಿತ್ತು. ಹೋಗಿ ಹೇಳು."

ಅವನಿಗೆ ಬಹಳ ಸಮಾಧಾನವಾಯಿತು. ಹಗುರಾಗಿ ಎದ್ದು ಹೋದ. ನನಗೂ, ವ್ಯಾಪಾರದವನಾದರೂ ಶಾಸ್ತ್ರ ಕೈಹತ್ತುತ್ತದೆ ಎಂದು ಒಳಗೊಳಗೇ ಖುಷಿಯಾಯಿತು. ಅದು ಮರುದಿನದ ತನಕ ಇತ್ತು.

"ಮಗೂಗೂ ವೇಷ ಹಾಕಿದ್ರಾ ಅಂತ ಕೇಳ್ತಾಳೆ" ಎಂದ ಅವನು, ಸ್ಟೂಲಿನ ಮೇಲೆ ಮತ್ತೆ ಕುಸಿದು. "ವೇಷ ಆಗಿದ್ರೆ ಪುಸ್ತಕದಲ್ಲಿ ಬರೀಬೇಕಿತ್ತಲ್ಲ, ಅಂಗಡಿ ಮಾವ ಯಾವ ಪುಟದಲ್ಲಿ ಓದಿದ್ರು ಅಂತ ಕೇಳ್ಕೊಂಡು ಬಾ ಅಂದ್ಳು."

"ಮಕ್ಕಳಿಗೆ ಅಷ್ಟೆಲ್ಲ ಬಾಯಿ ಕೊಡಬಾರದು ಕಣಯ್ಯ."

"ಯಾವ ಪುಟ ಯಜಮಾನ್ರೇ?" ಅವನು ನಿಜವಾಗಿಯೂ ಕೇಳುತ್ತಿದ್ದ.

ಪುಟ ನನ್ನ ಹತ್ತಿರ ಇರಲಿಲ್ಲ. ಮೇಷ್ಟ್ರ ಹತ್ತಿರ ಇರುತ್ತದೆ ಎಂದು ಸಾಗಹಾಕಿದೆ.

ಮೇಷ್ಟ್ರು ತಮ್ಮ ಮನೆಯ ಗೇಟಿನಲ್ಲೇ ಅವನನ್ನು ನಿಲ್ಲಿಸಿಕೊಂಡು ವಿವರಿಸಿದರಂತೆ. ಈ ಭಾಗದ ತಿರುಳು ವಿಧೇಯತೆ. ಹೆಂಗಸು ಇಲ್ಲಿ ಮುಖ್ಯವಲ್ಲ. ಅವಳು ಕಾವಲುಗಾರನಿಗೆ ಒಡ್ಡಿದ ಪರೀಕ್ಷೆ. ಇವನು ಅದನ್ನು ಬಾಯಿಪಾಠ ಮಾಡಿಕೊಂಡು ದಾರಿಯುದ್ದಕ್ಕೂ ಹೇಳಿಕೊಳ್ಳುತ್ತಾ ಮನೆಗೆ ಹೋಗಿ ಒಂದಕ್ಷರ ಬಿಡದೆ ಒಪ್ಪಿಸಿದ್ದಾನೆ. ಮಗಳು, "ಪರೀಕ್ಷೆಗೆ ಚಳಿ ಆಗಲ್ವಾ ಅಪ್ಪ?" ಅಂದಿದ್ದಾಳೆ.

ಅತ್ತೆಯವರಿಗೆ ಇದು ಇಷ್ಟು ದೊಡ್ಡ ವಿಷಯ ಯಾಕಾಯಿತೆಂದೇ ತಿಳಿಯಲಿಲ್ಲ. "ತವರಿಗೆ ಹೋಗಿರ್ತಾಳೆ. ಗಂಡನ ಊರಲ್ಲಿ ಬಾಗಿಲು ತೆಗೀದಿದ್ರೆ ಇನ್ನೆಲ್ಲಿಗೆ ಹೋಗ್ತಾರೆ" ಅಂದರು.

"ತವರೂ ಅದೇ ಊರಾದ್ರೆ ಅಜ್ಜಿ?"

ಅಜ್ಜಿ ಸೂಜಿಗೆ ದಾರ ಪೋಣಿಸುವುದನ್ನು ನಿಲ್ಲಿಸಿದರು. "ಅಯ್ಯೋ ಪಾಪ, ಹಾಗೂ ಇರುತ್ತಲ್ಲ" ಎಂದು ಅವರೂ ಒದ್ದೆಯ ಪಕ್ಷಕ್ಕೆ ಸೇರಿಕೊಂಡರು. ಚಿಕ್ಕವನ ಉತ್ತರ ತಯಾರಿತ್ತು: ಸಿಂಹ ತಿಂದಿತು. ಮುಂದಿನ ಭಾಗದಲ್ಲಿ ಸಿಂಹ ಬರುತ್ತದೆ ಎಂದು ಅವನು ಎಲ್ಲಿಂದಲೋ ಸುದ್ದಿ ತಿಳಿದುಕೊಂಡಿದ್ದ. ಪುಟ ತಿರುಗಿಸಿದರೆ ಸಿಂಹ, ತಿರುಗಿಸಲು ಅಕ್ಕ ಬಿಡುತ್ತಿಲ್ಲ. ಅವನ ಸಂಕಟ ಅವನಿಗೆ.

ಉಳಿದವಳು ಹೆಂಡತಿ. ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡೇ ಹೇಳಿದಳಂತೆ: "ಎಲ್ಲಿಗೆ ಹೋಗ್ತಾಳೆ, ಮಗು ಎತ್ಕೊಂಡು? ಗೋಡೆಗೆ ಒರಗಿ ಕೂತಿರ್ತಾಳೆ. ಬೆಳಗಾದ ಮೇಲೆ ಒಳಗೆ ಬಂದಿರ್ತಾಳೆ. ಯಾರೂ ಬರ್ಕೊಂಡಿಲ್ಲ, ಅಷ್ಟೆ."

ಈ ಉತ್ತರಕ್ಕೆ ಮಗಳು ತಲೆಯಾಡಿಸಿದಳು. ಡಬಲ್ ಕೋಟ್ ಮುಂದಕ್ಕೆ ಬಾಗಿದ. ಪುಸ್ತಕದ ಮೇಲೆ ಕೈ ಇಡಬೇಕು ಅನ್ನುವಷ್ಟರಲ್ಲಿ ಅವಳು ಮೆಲ್ಲಗೆ, "ಒಳಗೆ ಬಂದ ಮೇಲೆ ಅವನನ್ನ ಮಾತಾಡಿಸಿದ್ಳಾ ಅಮ್ಮ?" ಎಂದು ಕೇಳಿದಳು.

ಅಮ್ಮ ಕಣ್ಣು ತೆರೆದಳು. ಆಮೇಲೆ ಅವಳಿಗೆ ನಿದ್ದೆ ಹತ್ತಲಿಲ್ಲ.

ಹೀಗೆ ಮಂದಿರದವರು ಸಿಂಹದ ಭಾಗ ಮುಗಿಸಿ, ಬರಗಾಲದ ಭಾಗ ಮುಗಿಸಿ, ಅಣ್ಣತಮ್ಮಂದಿರ ಜಗಳಕ್ಕೆ ಬಂದರೂ ಡಬಲ್ ಕೋಟ್ ಮನೆ ಕೋಟೆಬಾಗಿಲಲ್ಲೇ ನಿಂತಿತ್ತು. ಅವನು ಅಂಗಡಿಗೆ ಬಂದವರನ್ನೆಲ್ಲ ಕೇಳತೊಡಗಿದ. ಸುಣ್ಣ ಕೊಳ್ಳಲು ಬಂದ ಮೇಸ್ತ್ರಿಯನ್ನು ಕೇಳಿದ. ಮೇಸ್ತ್ರಿ, ಮೊದಲು ಕೋಟೆಗೋಡೆ ಎಷ್ಟು ದಪ್ಪ ಇತ್ತು ಹೇಳು, ಕೂಗಿದ್ದು ಒಳಗೆ ಕೇಳಿಸಿತೋ ಇಲ್ಲವೋ ನೋಡಬೇಕು ಅಂದ. ಬಾಗಿಲಿಗೆ ವಾರ್ನಿಷ್ ಕೊಳ್ಳಲು ಬಂದ ಬಡಗಿ, ಅಂಥ ಬಾಗಿಲಲ್ಲಿ ಒಂದು ಪುಟ್ಟ ಕಿಂಡಿ ಇದ್ದೇ ಇರುತ್ತದೆ, ಅದರಿಂದ ಒಂದು ಕಂಬಳಿಯನ್ನಾದರೂ ಕೊಡಬಹುದಿತ್ತು, ಆ ಕಾವಲುಗಾರನೇ ಪೆದ್ದ ಅಂದ. "ಕಂಬಳಿ ಕೊಟ್ರೆ ಅಪ್ಪಣೆ ಮೀರಿದ ಹಾಗಾಗುತ್ತೋ ಇಲ್ವೋ?" ಎಂದು ಡಬಲ್ ಕೋಟ್ ಕೇಳಿದ. ಬಡಗಿ ವಾರ್ನಿಷ್ ಅಲ್ಲೇ ಬಿಟ್ಟು ವಾದಕ್ಕೆ ನಿಂತ. ಎಲ್ಲರೂ ಸೇರಿ ನನ್ನ ಅಂಗಡಿಯನ್ನು ಕೋರ್ಟು ಮಾಡಿದರು. ನನಗೆ ತಲೆ ಕೆಟ್ಟಿತ್ತು. ತಲೆ ಕೆಡಲು ಇನ್ನೊಂದು ಕಾರಣವೂ ಇತ್ತು, ಲೆಕ್ಕ ಬರೆಯುವಾಗ ಆ ಹೆಂಗಸು ನನ್ನ ಮನಸ್ಸಿನಲ್ಲೂ ಬಂದು ನಿಲ್ಲುತ್ತಿದ್ದಳು.

"ಒಂದು ಕೆಲಸ ಮಾಡು" ಎಂದೆ. "ನಿಯಮ ಮಾಡಿದ್ದು ನೀನು. ನೀನೇ ಸಡಿಲ ಮಾಡು. ಪುಟ ತಿರುಗಿಸಿಬಿಡು."

"ಹೇಗೆ ಯಜಮಾನ್ರೇ? ಒದ್ದೆ ಮೇಲೆ ಬಳೀಬಾರ್ದು ಅಂತ ಹುಟ್ಟಿದಾಗಿಂದ ಅವಳಿಗೆ ಹೇಳಿದ್ದೀನಿ. ಈಗ ನಾನೇ ಬಳಿದ್ರೆ, ನಾಳೆ ನಾನು ಹೇಳಿದ್ದು ಯಾವುದನ್ನ ಅವಳು ನಂಬ್ತಾಳೆ?"

"ಹಾಗಾದ್ರೆ ತಿರುಗಿಸಬೇಡ."

"ತಿರುಗಿಸದಿದ್ರೆ ಚಿಕ್ಕೋನು ಎದ್ದು ಹೋಗ್ತಾನೆ. ನನ್ನವಳು ಮಲಗ್ತಾಳೆ. ಚಾಪೆ ಖಾಲಿ ಆಗ್ತಿದೆ."

"ಹಾಗಾದ್ರೆ..." ಎಂದು ಶುರು ಮಾಡಿದವನು ಅಲ್ಲೇ ನಿಲ್ಲಿಸಿದೆ. ವ್ಯಾಪಾರದಲ್ಲಿ ಎರಡು ಕಡೆಯಿಂದಲೂ ನಷ್ಟ ಬರುವ ಮಾಲನ್ನು ಕೊಳ್ಳಬಾರದು ಎಂಬುದಷ್ಟೇ ನನಗೆ ಗೊತ್ತು. ಕೊಂಡುಬಿಟ್ಟ ಮೇಲೆ ಏನು ಮಾಡಬೇಕೋ ಗೊತ್ತಿಲ್ಲ.

ಅದೇ ಹೊತ್ತಿಗೆ ಮೇಷ್ಟ್ರು ಸಭೆಯಲ್ಲಿ, "ಬರುವ ವಾರ ನಮ್ಮ ಡಬಲ್... ನಮ್ಮ ಪೇಂಟರ್ ಅವರ ಮನೆಯ ಸರದಿ" ಎಂದು ಘೋಷಿಸಿದರು. ಆ ವಾರದ ಭಾಗದ ಮೇಲೆ ಮಾತಾಡಬೇಕು. ಇವರು ಎಷ್ಟು ಹಿಂದೆ ಉಳಿದಿದ್ದಾರೆ ಎನ್ನುವುದು ಮೇಷ್ಟ್ರಿಗೆ ಗೊತ್ತಿರಲಿಲ್ಲ. ಹಿಂದಿನ ಸಾಲಿನಲ್ಲಿ ಕೂತಿದ್ದ ನಾನು ಅವನ ಕತ್ತಿನ ಹಿಂಬದಿಯನ್ನು ನೋಡಿದೆ. ಅದು ಬೆವೆತಿತ್ತು. ಪಕ್ಕದಲ್ಲಿದ್ದ ಮಗಳು ಅಪ್ಪನ ಕಡೆ ನೋಡಲಿಲ್ಲ.

ಆ ವಾರದ ನಡುವೆ ನನ್ನ ಅಂಗಡಿಗೆ ಒಂದು ದೂರು ಬಂತು. ಔಷಧಿ ಅಂಗಡಿಯವರ ಮನೆಯ ಹಜಾರದಲ್ಲಿ ಬಣ್ಣ ಗುಳ್ಳೆ ಎದ್ದಿದೆಯಂತೆ. "ಡಬ್ಬದಲ್ಲಿ ಏನು ಬೆರೆಸಿ ಮಾರ್ತೀರಿ?" ಎಂದು ಅವರು ಕೇಳಿದರು. ಹೋಗಿ ನೋಡಿದೆ. ಬಣ್ಣದ ತಪ್ಪಲ್ಲ. ಮೊದಲನೇ ಕೋಟ್ ಒಣಗುವ ಮೊದಲೇ ಎರಡನೆಯದನ್ನು ಹೊಡೆದಿದ್ದ. ಡಬಲ್ ಕೋಟ್! ಬೇರೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಗೋಡೆಯ ಮೇಲೆ ಬೆರಳಿಟ್ಟು ಗುಳ್ಳೆಯನ್ನು ಒತ್ತಿದೆ. ಅದು ಪುಸ್ ಎಂದು ಒಡೆಯಿತು. ಔಷಧಿಯವರಿಗೆ ಏನೋ ಸಮಾಧಾನ ಹೇಳಿ, ಅಂಗಡಿ ಮುಚ್ಚಿದ ಮೇಲೆ ಅವನ ಮನೆಗೆ ಹೊರಟೆ.

ಮೆಟ್ಟಿಲ ಮೇಲೆ, ಬಾಗಿಲಿಗಿಂತ ಎರಡು ಮೆಟ್ಟಿಲು ಕೆಳಗೆ, ಮಗಳು ಮೊಣಕಾಲು ತಬ್ಬಿಕೊಂಡು ಕೂತಿದ್ದಳು. ಒಳಗಿನಿಂದ ಅವನು ಓದುವ ದನಿ ಬರುತ್ತಿತ್ತು. ಓದುತ್ತಿದ್ದವನು ಅವನೇ, ಮಗಳು ಇಲ್ಲಿದ್ದಾಳಲ್ಲ.

"ಏನಮ್ಮ, ಇಲ್ಲಿ ಕೂತಿದ್ದೀಯ?"

"ಒಳಗೆ ಪುಟ ತಿರುಗಿಸಿದ್ರು ಮಾವ."

"ನಿನ್ನನ್ನ ಕೇಳದೇನೇ?"

"ಅಪ್ಪ ಕೇಳಿದ. ನಂದು ಒಣಗಿಲ್ಲ ಅಂದೆ. ಸಭೇಲಿ ಮಾತಾಡ್ಬೇಕಲ್ಲ, ಈ ಸಲ ಬಿಟ್ಟುಬಿಡು ಅಂದ. ಬಿಟ್ಟೆ. ಹೊರಗೆ ಬಂದೆ." ಅವಳು ಅಳುತ್ತಿರಲಿಲ್ಲ. ಬೇಸರವೂ ಇದ್ದಂತೆ ಕಾಣಲಿಲ್ಲ. ಲೆಕ್ಕ ಸರಿ ಇಲ್ಲದ ಬಿಲ್ಲನ್ನು ಹಿಂದಿರುಗಿಸಿದವರ ಮುಖದಂತಿತ್ತು. "ನೀವು ಹೋಗಿ. ಬಾಗಿಲು ತೆಗೆದೇ ಇದೆ."

ನಾನು ಹೋದೆ. ಚಾಪೆಯ ಮೇಲೆ ನಾಲ್ಕು ಜನ. ಚಿಕ್ಕವನು ಕೈಯನ್ನು ಪಂಜ ಮಾಡಿಕೊಂಡು ಗುರ್ ಎನ್ನುತ್ತಿದ್ದ, ಕೊನೆಗೂ ಅವನ ಸಿಂಹ ಬಂದಿತ್ತು. ಡಬಲ್ ಕೋಟ್ ನನ್ನನ್ನು ನೋಡಿ ಕೂರಲು ಕಣ್ಣಲ್ಲೇ ಹೇಳಿ ಓದು ಮುಂದುವರಿಸಿದ. ಕೆರೆಯುವುದಿಲ್ಲ, ಪುಟ್ಟಿ ಇಲ್ಲ. ಬಸ್ಸು ತಪ್ಪಿಹೋಗುತ್ತದೆ ಎನ್ನುವವನ ಓದು. ಒಂದು ಪುಟ ಮುಗಿಸಿ, ಪುಸ್ತಕದ ಮೇಲೆ ಕೈ ಇಟ್ಟು, ಯಾರ ಮುಖವನ್ನೂ ನೋಡದೆ, "ಒಣಗಿತಾ?" ಎಂದ.

"ಒಣಗಿತು" ಎಂದ ಚಿಕ್ಕವನು. ಅತ್ತೆಯವರು ಅಳಿಯನ ಮುಖ ನೋಡಿ, "ಒಣಗಿತು ಅನ್ಕೋ" ಅಂದರು.

ಹೆಂಡತಿ ಆ ದಿನ ತೂಕಡಿಸುತ್ತಿರಲಿಲ್ಲ. "ನಂದು ಬಿಡಿ" ಅಂದಳು. "ರೀ, ಒಂದು ಮಾತು. ಮನೆಯವರೆಲ್ಲ ಒಟ್ಟಿಗೆ ಕೂತ್ಕೊಳ್ಳಿ ಅಂತ ನಿಯಮ ಮಾಡಿದ್ರಿ. ಈಗ ನಿಯಮ ಒಳಗಿದೆ, ಹುಡುಗಿ ಹೊರಗಿದ್ದಾಳೆ."

ಅವನು ತಬ್ಬಿಬ್ಬಾದ. "ನಾನು ನಿಯಮ ಮುರಿದೆನಲ್ಲ ಕಣೆ, ಅದಕ್ಕೆ ಅವಳು ಹೊರಗೆ ಹೋಗಿದ್ದು."

"ಮುರಿದ್ರೋ ಇಟ್ಕೊಂಡ್ರೋ ನನಗೆ ಗೊತ್ತಿಲ್ಲ. ಹೊರಗೆ ಕೂತಿದ್ದಾಳೆ. ಅದು ಗೊತ್ತು."

ಅವನು ನನ್ನ ಕಡೆ ನೋಡಿದ. ನಾನು ಗೋಡೆಯ ಮೇಲಿನ ಒಂದು ಹಸಿರು ಚೌಕವನ್ನು ಗಮನವಿಟ್ಟು ನೋಡತೊಡಗಿದೆ. ಗುಳ್ಳೆಯ ದೂರು ನನ್ನ ಬಾಯಲ್ಲೇ ಉಳಿಯಿತು. ಅವನು ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಎದ್ದು ಹೊರಗೆ ಹೋದ. ಅವನು ಹೋಗಿ ಬಾಗಿಲಿಗೆ ಅಡ್ಡಲಾಗಿ ಮೇಲಿನ ಮೆಟ್ಟಿಲಲ್ಲೇ ಕೂತಿದ್ದರಿಂದ, ನಮಗೆಲ್ಲ ಅವನ ಬೆನ್ನು ಕಾಣುತ್ತಿತ್ತು, ಮಾತು ಕೇಳಿಸುತ್ತಿತ್ತು.

ಕೆಳಗೆ ಸೈಕಲ್ ಅಂಗಡಿಯವನು ಟ್ಯೂಬಿಗೆ ಗಾಳಿ ಹಾಕಿ ನೀರಿನಲ್ಲಿ ಮುಳುಗಿಸಿ ತೂತು ಹುಡುಕುತ್ತಿದ್ದ.

"ನಂದೂ ಒಣಗಿಲ್ಲ" ಎಂದ ಡಬಲ್ ಕೋಟ್ ಕೊನೆಗೆ.

"ಮತ್ತೆ ಮೊದಲನೇ ವಾರ ಒಣಗಿತು ಅಂದೆ?"

"ಆಗ ಒಣಗಿತ್ತು. ನೀನು ಕೇಳಿದ ಮೇಲೆ ಒದ್ದೆ ಆಯ್ತು."

ಅವಳು ಅದನ್ನು ಪರಿಶೀಲಿಸಿದಳು. "ಅಪ್ಪ, ನೀನೇ ಆ ಕಾವಲುಗಾರ ಆಗಿದ್ರೆ?"

"ಆಗಿದ್ರೆ?"

"ತೆಗೀತಿದ್ದೆಯಾ?"

ಒಳಗೆ ಅತ್ತೆಯವರ ಸೂಜಿ ನಿಂತಿತು. ನಾನೂ ಚೌಕ ನೋಡುವುದನ್ನು ಬಿಟ್ಟೆ. ಅವನು ಕೈಯ ಹಿಂಬದಿಯನ್ನು ತನ್ನ ಪಕ್ಕದ ಸಿಮೆಂಟಿಗೆ ಒತ್ತಿಕೊಂಡು ಕೂತಿದ್ದ. ಅಲ್ಲಿ ಬಣ್ಣವೇನೂ ಇರಲಿಲ್ಲ.

"ತೆಗೀತಿದ್ದೆ ಅನ್ಸುತ್ತೆ" ಎಂದ.

"ಊರು?"

"ಗೊತ್ತಿಲ್ಲ ಕಣಮ್ಮ."

"ಎಲ್ಲರೂ ಸತ್ತುಹೋದ್ರೆ? ಅಮ್ಮ, ಅಜ್ಜಿ, ತಮ್ಮ?"

"ಅದಕ್ಕೇ ಗೊತ್ತಿಲ್ಲ ಅಂದದ್ದು." ಅವನ ದನಿ ಸಣ್ಣಗಾಗಿತ್ತು. "ತೆಗೀದೆ ಇರ್ತಿದ್ದೆ ಅಂತ ಹೇಳೋಕೆ ಹೋದೆ, ಬಾಯಿ ಬರ್ಲಿಲ್ಲ. ತೆಗೀತಿದ್ದೆ ಅಂದೆ, ಅದೂ ಸರಿ ಅನ್ನಿಸ್ತಿಲ್ಲ. ಸಭೇಲಿ ಏನು ಹೇಳ್ಬೇಕೋ ನಂಗೆ ತಿಳೀತಿಲ್ಲ."

"ಮೇಷ್ಟ್ರು ಬೈತಾರಾ?"

"ಬೈಬೋದು."

"ಮತ್ತೆ?"

"ನಮ್ಮನೇಲಿ ಇನ್ನೂ ಕೋಟೆಬಾಗಿಲ ಹತ್ರಾನೇ ಇದ್ದೀವಿ, ಹೀಗ್ಹೀಗೆ ಅಂತ ಹೇಳ್ತೀನಿ. ಬೈದ್ರೆ ಬೈಸ್ಕೋತೀನಿ. ನೀನು ಪಕ್ಕದಲ್ಲಿ ನಿಂತ್ಕೋತೀಯಾ?"

ಅವಳು ಉತ್ತರ ಕೊಡುವ ಮೊದಲೇ ಚಿಕ್ಕವನು ಅಪ್ಪನ ಬೆನ್ನು ಮತ್ತು ಬಾಗಿಲಿನ ನಡುವೆ ತೂರಿಕೊಂಡು ಹೊರಗೆ ಹೋದ. ಸಿಂಹ ಅರ್ಧಕ್ಕೇ ನಿಂತಿದೆ ಎಂದು ಅವನ ತಕರಾರು. ಅವನ ಹಿಂದೆ ತಾಯಿ ಚಾಪೆಯನ್ನು ಸುತ್ತಿಕೊಂಡು ಎದ್ದಳು. ಮೆಟ್ಟಿಲ ಮೇಲೆ ಅದನ್ನು ಹಾಸಲಾಗದೆ ಕೈಯಲ್ಲಿ ಹಿಡಿದುಕೊಂಡೇ ಕೂತಳು. ಅತ್ತೆಯವರು "ಮೊಣಕಾಲು ನೋವಪ್ಪ, ನಾನು ಹೊಸ್ತಿಲಲ್ಲೇ" ಎಂದು ಹೊಸ್ತಿಲು ಹಿಡಿದರು. ಕೊನೆಗೆ ಒಳಗೆ ಉಳಿದವನು ನಾನೊಬ್ಬ. ಕೆಳಗಿಳಿದು ಮನೆಗೆ ಹೋಗೋಣವೆಂದರೆ ದಾರಿ ತುಂಬ ಜನ.

"ಯಜಮಾನ್ರೇ, ಅಲ್ಲೇನು ಮಾಡ್ತಿದ್ದೀರಿ, ಬನ್ನಿ" ಎಂದ ಡಬಲ್ ಕೋಟ್, ಹಿಂತಿರುಗದೆ.

"ಮೊದಲು ಜಾಗ ಬಿಡಯ್ಯ."

"ಜಾಗ ಎಲ್ಲಿದೆ? ಕೂತ್ಕೊಳ್ಳಿ."

ಅತ್ತೆಯವರ ಪಕ್ಕದಲ್ಲಿ ಹೊಸ್ತಿಲ ಮೇಲೆಯೇ ಕೂತೆ. ಮಗಳು ಅಪ್ಪನ ಕಂಕುಳಿನಿಂದ ಪುಸ್ತಕ ಎಳೆದುಕೊಂಡಳು. ಕಾವಲುಗಾರನ ಪುಟ ತೆಗೆದು, ಅದರಲ್ಲಿ ಎಡಗೈಯ ಬೆರಳು ಇಟ್ಟುಕೊಂಡೇ ಮುಂದಿನ ಪುಟ ತಿರುಗಿಸಿದಳು. ತಮ್ಮನಿಗೆ, "ಸಿಂಹ ಓದ್ತೀನಿ. ಆದ್ರೆ ಇದು ಮುಗಿದಿಲ್ಲ, ಆಯ್ತಾ" ಅಂದಳು. ಅವನು ಯಾವುದಕ್ಕೆ ಬೇಕಾದರೂ ಆಯ್ತು ಎನ್ನುವ ಸ್ಥಿತಿಯಲ್ಲಿದ್ದ.

ಬೆರಳು ಹಾಗೆ ಹಿಂದಿನ ಪುಟದಲ್ಲಿ ಸಿಕ್ಕಿಕೊಂಡಿದ್ದರಿಂದ ಪುಸ್ತಕ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಡಬಲ್ ಕೋಟ್ ಕೈ ಚಾಚಿ ಇನ್ನೊಂದು ಬದಿಯನ್ನು ಹಿಡಿದುಕೊಂಡ. ಅವಳು ಓದಿದಳು. ಕೆಳಗೆ ಸೈಕಲ್ ಅಂಗಡಿಯವನು ಟ್ಯೂಬ್ ಕೈಯಲ್ಲಿ ಹಿಡಿದು ತಲೆ ಎತ್ತಿ, ಇವರೆಲ್ಲ ಮನೆ ಬಿಟ್ಟು ಮೆಟ್ಟಿಲ ಮೇಲೆ ಯಾಕೆ ಕೂತಿದ್ದಾರೆ ಎಂದು ತಿಳಿಯದೆ ನೋಡುತ್ತಾ ನಿಂತ.